ಶಾಲೆಯ ಪ್ರಾರ್ಥನಾ ಸಭೆಗೊಂದು ಧ್ವನಿಯಂತ್ರ: ರಾಷ್ಟ್ರಗೀತೆಗೆ ಸರಿ, ಪ್ರತಿಜ್ಞೆಗೆ ಬೇಡ

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ಶಾಲೆಗಳಿಗೆಂದೇ ಜೋಡಿಸಿ ಮಾರುವ ಧ್ವನಿಯಂತ್ರವೊಂದು ಸಿಗುತ್ತದೆ. ಒಂದು ಆಂಪ್ಲಿಫೈಯರ್, ಪಾಠದ ಅವಧಿಗೆ ತಕ್ಕಂತೆ ತಾನಾಗಿಯೇ ಗಂಟೆ ಬಾರಿಸುವ ಟೈಮರ್, ತರಗತಿಯ ಗೋಡೆಗೆ ತೂಗುಹಾಕುವ ಸಣ್ಣ ಸ್ಪೀಕರುಗಳು, ಕೈಯಲ್ಲಿ ಹಿಡಿಯುವ ಒಂದು ಮೈಕು ಮತ್ತು ಬೆಳಗಿನ ಸಭೆಗೆ ಬೇಕಾದುದೆಲ್ಲವನ್ನೂ ಧ್ವನಿಮುದ್ರಿಸಿದ ಒಂದು ಪೆನ್‌ಡ್ರೈವ್, ಇವಿಷ್ಟೂ ಒಂದೇ ಪೆಟ್ಟಿಗೆಯಲ್ಲಿ ಬರುತ್ತವೆ. ನಾನು ಆಡಳಿತ ಸಮಿತಿಯಲ್ಲಿರುವ ಉಪನಗರದ ಕನ್ನಡ ಮಾಧ್ಯಮ ಶಾಲೆಯೊಂದಕ್ಕೆ ಇದನ್ನು ತರಿಸಿ ಒಂದು ಶೈಕ್ಷಣಿಕ ವರ್ಷ ಕಳೆದಿದೆ. ಬೇರೆ ಶಾಲೆಗಳ ಪದಾಧಿಕಾರಿಗಳು ಇದರ ಬಗ್ಗೆ ವಿಚಾರಿಸುತ್ತಿರುವುದರಿಂದ, ಯಂತ್ರದ ಗುಣದೋಷಗಳ ಜೊತೆಗೆ ಅದು ನಮ್ಮಲ್ಲಿ ಎಬ್ಬಿಸಿದ ಒಂದು ಚರ್ಚೆಯನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಧ್ವನಿಯ ಗುಣಮಟ್ಟ ಚೆನ್ನಾಗಿದೆ. ಪಕ್ಕದಲ್ಲೇ ಲೋಕಲ್ ರೈಲಿನ ಹಳಿಯಿದ್ದರೂ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ. ಮಳೆಗಾಲದಲ್ಲಿ ಅಂಗಳ ನೀರು ತುಂಬಿ ಸಭೆಯನ್ನು ತರಗತಿಯೊಳಗೇ ನಡೆಸಬೇಕಾಗಿ ಬಂದಾಗ ಗೋಡೆಯ ಸ್ಪೀಕರುಗಳು ನಿಜಕ್ಕೂ ಉಪಕಾರ ಮಾಡಿದವು. ಟೈಮರ್ ಇಂದಿನವರೆಗೆ ತಪ್ಪಿಲ್ಲ. ಮೈಕು ಮಾತ್ರ ಕಳಪೆ. ಬಾಯಿಗೆ ಒಂದು ಗೇಣು ದೂರ ಹಿಡಿದರೆ ಕೇಳಿಸುವುದಿಲ್ಲ, ಹತ್ತಿರ ಹಿಡಿದರೆ ಕಿರುಚುತ್ತದೆ.

ಪೆನ್‌ಡ್ರೈವಿನಲ್ಲಿ 52 ಸೆಕೆಂಡುಗಳ ರಾಷ್ಟ್ರಗೀತೆ, 2023ರ ಫೆಬ್ರವರಿ 19ರಿಂದ ಜಾರಿಗೆ ಬಂದ ಮಹಾರಾಷ್ಟ್ರದ ರಾಜ್ಯಗೀತೆ, 2020ರ ಗಣರಾಜ್ಯೋತ್ಸವದಿಂದ ಈ ರಾಜ್ಯದ ಶಾಲೆಗಳಲ್ಲಿ ಓದಿಸಲು ಆರಂಭಿಸಿದ ಸಂವಿಧಾನದ ಪ್ರಸ್ತಾವನೆ ಮತ್ತು ನಾವೆಲ್ಲ ಬಾಲ್ಯದಲ್ಲಿ ಬಲಗೈ ಮುಂದೆ ಚಾಚಿ ಹೇಳಿದ ಪ್ರತಿಜ್ಞೆ ಇವೆ. ಪ್ರತಿಜ್ಞೆ ಮತ್ತು ಪ್ರಸ್ತಾವನೆಗಳು ಮರಾಠಿ, ಹಿಂದಿ, ಇಂಗ್ಲಿಷ್ ಭಾಷೆಗಳಲ್ಲಿ ಮಾತ್ರ ಇದ್ದವು. ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡವೂ ಸೇರಿದಂತೆ ಎಂಟು ಭಾಷೆಗಳಲ್ಲಿ ಪಠ್ಯಪುಸ್ತಕ ಪ್ರಕಟಿಸಿ ಅವುಗಳ ಆರಂಭದ ಪುಟಗಳಲ್ಲಿ ಪ್ರತಿಜ್ಞೆಯನ್ನು ಅಚ್ಚು ಹಾಕುತ್ತಿರುವಾಗ, ಅದೇ ರಾಜ್ಯದ ಶಾಲೆಗಳಿಗೆ ಸರಕು ಮಾರುವವರಿಗೆ ಕನ್ನಡ ಮಾಧ್ಯಮದ ಶಾಲೆಗಳಿರುವುದು ಗೊತ್ತಿರಲಿಲ್ಲವೆಂದರೆ ಆಶ್ಚರ್ಯವೇ. ಕೇಳಿದ ಮೇಲೆ ವಾರದೊಳಗೆ ಕನ್ನಡದ್ದನ್ನೂ ಹಾಕಿಕೊಟ್ಟರು. ಕಂಪ್ಯೂಟರಿನಿಂದ ಹೊರಡಿಸಿದ ಹೆಣ್ಣುದನಿ, ಉಚ್ಚಾರಣೆಯಲ್ಲಿ ದೋಷವಿಲ್ಲ, ಏರಿಳಿತವೂ ಇಲ್ಲ.

ತಕರಾರು ಶುರುವಾದುದು ಇಲ್ಲಿಂದ. ಯಂತ್ರ ಬರುವ ಮೊದಲು ದಿನಕ್ಕೊಂದು ಮಗು ಮುಂದೆ ನಿಂತು ಪ್ರತಿಜ್ಞೆಯನ್ನು ತುಂಡುತುಂಡಾಗಿ ಹೇಳುತ್ತಿತ್ತು, ಉಳಿದವರು ಹಿಂದಿನಿಂದ ಹೇಳುತ್ತಿದ್ದರು. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಉಸಿರು ಸಾಲದೆ ‘ವೈವಿಧ್ಯಪೂರ್ಣ’ದ ನಡುವೆಯೇ ನಿಂತುಬಿಡುತ್ತಿದ್ದಳು, ಇಡೀ ಸಾಲು ಅವಳೊಂದಿಗೆ ನಿಂತು, ಅವಳು ಮುಂದುವರಿದಾಗ ಮುಂದುವರಿಯುತ್ತಿತ್ತು. ಯಂತ್ರ ಯಾರಿಗಾಗಿಯೂ ಕಾಯುವುದಿಲ್ಲ. ಎರಡು ವಾಕ್ಯಗಳ ನಡುವೆ ಅದು ಬಿಡುವ ಅಂತರ ದೊಡ್ಡವರಿಗೆ ಸಾಕು, ಒಂದನೆಯ ತರಗತಿಯವರಿಗೆ ಸಾಲದು. ಅವರು ‘ನನ್ನ ಸಹೋದರ ಸಹೋದರಿಯರು’ ಎಂದು ಮುಗಿಸುವ ಮೊದಲೇ ಅದು ದೇಶದ ಪರಂಪರೆಗೆ ಹೋಗಿರುತ್ತದೆ. ಅರ್ಧದಲ್ಲೇ ಸಿಕ್ಕಿಬಿದ್ದ ಮಕ್ಕಳು ಕೊನೆಗೆ ಗುಣುಗುಟ್ಟಿ ಕೈ ಇಳಿಸುತ್ತಾರೆ. ಏಳನೆಯ ತರಗತಿಯ ಹುಡುಗರಂತೂ ತುಟಿ ಆಡಿಸುವ ಶ್ರಮವನ್ನೂ ಬಿಟ್ಟಿದ್ದಾರೆ. ಸ್ಪೀಕರಿನ ದನಿ ಅಂಗಳ ತುಂಬುವುದರಿಂದ ಯಾರು ಹೇಳುತ್ತಿದ್ದಾರೆ, ಯಾರು ಹೇಳುತ್ತಿಲ್ಲ ಎಂಬುದು ಮೇಜಿನ ಹಿಂದೆ ನಿಂತವರಿಗೆ ತಿಳಿಯುವುದೇ ಇಲ್ಲ. ದೇಶವನ್ನು ಪ್ರೀತಿಸುತ್ತೇನೆಂಬ ಮಾತನ್ನು ಆಡುವವರೇ ಇಲ್ಲದೆ ಆಡಿಸಿಬಿಡುವುದು ಈ ಯಂತ್ರಕ್ಕೆ ಸಾಧ್ಯವಾಗಿದೆ.

ಇದನ್ನು ಸಮಿತಿಯ ಮುಂದಿಟ್ಟಾಗ ಎರಡು ಅಭಿಪ್ರಾಯಗಳು ಬಂದವು. ಹಿರಿಯ ಶಿಕ್ಷಕರೊಬ್ಬರು, ಬಾಯಿ ತೆರೆಯದ ಮಕ್ಕಳ ಹೆಸರನ್ನು ದಿನಚರಿ ಪುಸ್ತಕದಲ್ಲಿ ಬರೆದು ಪಾಲಕರ ಸಹಿ ತರಿಸಬೇಕೆಂದರು. ತರುಣ ಪಾಲಕರೊಬ್ಬರು, ಆರು ವರ್ಷದ ಮಗುವಿನಿಂದ ಪ್ರಮಾಣ ಮಾಡಿಸುವುದೇ ಅಸಂಗತ, ಪ್ರತಿಜ್ಞೆಯನ್ನೇ ಕೈಬಿಡೋಣ ಎಂದರು. ಇಬ್ಬರ ಮಾತನ್ನೂ ನಾನು ಒಪ್ಪಲಿಲ್ಲ. ಏಕೆಂದರೆ ಇಬ್ಬರೂ ಪ್ರತಿಜ್ಞೆಯನ್ನು ಕೋರ್ಟಿನ ಕಟಕಟೆಯಲ್ಲಿ ಮಾಡಿಸುವ ಪ್ರಮಾಣದಂತೆ ಭಾವಿಸಿದ್ದರು.

ಈ ಪ್ರತಿಜ್ಞೆ ಎಲ್ಲಿಂದ ಬಂತೆಂದು ನೋಡಿದರೆ ವಿಷಯ ತಿಳಿಯಾಗುತ್ತದೆ. ಇದನ್ನು 1962ರಲ್ಲಿ ತೆಲುಗಿನಲ್ಲಿ ಬರೆದವರು ಪೈಡಿಮರ್ರಿ ವೆಂಕಟ ಸುಬ್ಬರಾವ್. ಅವರು ಆಗ ವಿಶಾಖಪಟ್ಟಣದಲ್ಲಿ ಜಿಲ್ಲಾ ಖಜಾನೆಯ ಅಧಿಕಾರಿ. ಮರುವರ್ಷ ಅದೇ ಊರಿನ ಶಾಲೆಯೊಂದರಲ್ಲಿ ಮಕ್ಕಳು ಇದನ್ನು ಮೊದಲ ಬಾರಿ ಓದಿದರು. 1964ರಲ್ಲಿ ಬೆಂಗಳೂರಿನಲ್ಲಿ ಸೇರಿದ ಕೇಂದ್ರ ಶಿಕ್ಷಣ ಸಲಹಾ ಮಂಡಳಿಯ ಸಭೆಯಲ್ಲಿ, ಎಲ್ಲ ಶಾಲೆಗಳಲ್ಲಿ 1965ರ ಜನವರಿ 26ರಿಂದ ಇದನ್ನು ಹೇಳಿಸಬೇಕೆಂಬ ನಿರ್ಧಾರವಾಯಿತು. ಆ ಸಭೆಯ ಅಧ್ಯಕ್ಷತೆ ವಹಿಸಿದ್ದವರು ಶಿಕ್ಷಣ ಸಚಿವ ಎಂ. ಸಿ. ಚಾಗ್ಲಾ, ಸ್ವಾತಂತ್ರ್ಯ ಬಂದ ವರ್ಷದಿಂದ 1958ರವರೆಗೆ ನಮ್ಮ ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಪಠ್ಯಪುಸ್ತಕಗಳಲ್ಲಿ ಸುಬ್ಬರಾಯರ ಹೆಸರು ಸಾಮಾನ್ಯವಾಗಿ ಕಾಣುವುದಿಲ್ಲ, ಯಂತ್ರದ ಪೆಟ್ಟಿಗೆಯ ಮೇಲೆಯೂ ಇಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಚೀನಾ ಯುದ್ಧದ ವರ್ಷದಲ್ಲಿ ಹುಟ್ಟಿದ್ದರೂ ಅದರಲ್ಲಿ ವೈರಿಯ ಪ್ರಸ್ತಾಪವಿಲ್ಲ. ಭಾರತೀಯರೆಲ್ಲರೂ ಒಡಹುಟ್ಟಿದವರು, ತಂದೆತಾಯಿ, ಗುರು, ಹಿರಿಯರಿಗೆ ಗೌರವ, ಎಲ್ಲರೊಡನೆ ಸೌಜನ್ಯ, ದೇಶದ ಜನರ ಕ್ಷೇಮದಲ್ಲೇ ತನ್ನ ಸಂತೋಷ, ಇಷ್ಟು ಅದರ ಸಾರ. ಅಮೆರಿಕದ ಶಾಲೆಗಳ ಪ್ರತಿಜ್ಞೆ ಧ್ವಜವನ್ನು ಕುರಿತದ್ದು. 1892ರಲ್ಲಿ ಫ್ರಾನ್ಸಿಸ್ ಬೆಲ್ಲಾಮಿ ಅದನ್ನು ಬರೆದದ್ದು ಶಾಲೆಗಳಿಗೆ ಧ್ವಜಗಳನ್ನೂ ಮಾರುತ್ತಿದ್ದ ಒಂದು ಪತ್ರಿಕೆಗಾಗಿ. (ಶಾಲೆಯ ದೇಶಭಕ್ತಿಗೂ ಶಾಲೆಗೆ ಸರಕು ಮಾರುವವರಿಗೂ ಇರುವ ನಂಟು ಲ್ಯಾಮಿಂಗ್ಟನ್ ರಸ್ತೆಯಲ್ಲಿ ಹುಟ್ಟಿದ್ದಲ್ಲ.) ನಮ್ಮದು ಸುತ್ತಲಿನ ಮನುಷ್ಯರನ್ನು ಕುರಿತದ್ದು. ಕನ್ನಡ ಮಾಧ್ಯಮದ ಮುಂಬಯಿ ಶಾಲೆಯ ಒಂದೇ ಬೆಂಚಿನಲ್ಲಿ ಕಟ್ಟಡ ಕೆಲಸಕ್ಕೆಂದು ಕಲಬುರಗಿ ಕಡೆಯಿಂದ ಬಂದವರ ಮಗಳು, ಮನೆಯಲ್ಲಿ ತುಳು ಮಾತಾಡುವ ಹುಡುಗ ಮತ್ತು ಬೀದಿಯಲ್ಲಿ ಕಲಿತ ಮರಾಠಿಯಲ್ಲೇ ಜಗಳವಾಡುವ ಇನ್ನೊಬ್ಬ ಕೂತಿರುವಾಗ, ಈ ಮಾತುಗಳಿಗೆ ಅಲ್ಲೇ ಕೆಲಸವಿದೆ.

ಆದ್ದರಿಂದ ಪ್ರತಿಜ್ಞೆ ಬೆಳಗಿನ ಸಭೆಯಲ್ಲಿ ಉಳಿಯಬೇಕು, ಮಗ್ಗಿಯನ್ನು ಬಾಯಿಪಾಠ ಮಾಡಿಸುವಂತೆ ಅದನ್ನೂ ಕಲಿಸಬೇಕು ಎಂಬುದು ನನ್ನ ನಿಲುವು. ಅರ್ಥ ಆಮೇಲೆ ಬಂದರೂ ಬರಲಿ, ಕಲಿತ ಮಾತು ಒಳಗಿರುತ್ತದೆ. ಶಾಲೆ ಅದನ್ನು ಕಲಿಸಬೇಕೆಂದು ನಿರೀಕ್ಷಿಸುವುದು ನ್ಯಾಯ. ಆದರೆ ಕಲಿತ ಮಗು ಪ್ರತಿದಿನವೂ ಬಾಯಿಬಿಟ್ಟು ಹೇಳಲೇಬೇಕೆಂದು, ಹೇಳದಿದ್ದರೆ ಹೆಸರು ಬರೆಯಿಸುತ್ತೇವೆಂದು ಗದರಿಸುವ ಅಧಿಕಾರ ಶಾಲೆಗಿಲ್ಲ. ಸಂವಿಧಾನದ 51ಎ ವಿಧಿ ರಾಷ್ಟ್ರಧ್ವಜ ಮತ್ತು ರಾಷ್ಟ್ರಗೀತೆಗೆ ಗೌರವ ತೋರುವುದನ್ನು ನಾಗರಿಕರ ಕರ್ತವ್ಯವೆನ್ನುತ್ತದೆ. ಅದರಲ್ಲಿ ಈ ಪ್ರತಿಜ್ಞೆಯ ಮಾತಿಲ್ಲ. ಕರ್ತವ್ಯಗಳ ಪಟ್ಟಿಯಲ್ಲಿರುವ ರಾಷ್ಟ್ರಗೀತೆಯ ವಿಷಯದಲ್ಲೇ ಸುಪ್ರೀಂ ಕೋರ್ಟು 1986ರ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಧಾರ್ಮಿಕ ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ. ಅವರನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರಿದ್ದ ಪೀಠ ಹೇಳಿತು. ಹಾಡದೆ ನಿಂತವರಿಗೇ ಇಷ್ಟು ರಕ್ಷಣೆಯಿರುವಾಗ ಪ್ರತಿಜ್ಞೆ ಹೇಳದ ಮಗುವಿನ ದಿನಚರಿಯಲ್ಲಿ ಕೆಂಪು ಶಾಯಿಯ ಟಿಪ್ಪಣಿ ಬರೆಯುವುದು ಯಾವ ಲೆಕ್ಕದಲ್ಲಿ ಸರಿ? ತೊದಲುವ ಮಗುವಿರಬಹುದು, ಕನ್ನಡ ಇನ್ನೂ ನಾಲಿಗೆಗೆ ಹತ್ತದ ಮಗುವಿರಬಹುದು, ಹಿಂದಿನ ರಾತ್ರಿ ಮನೆಯಲ್ಲಿ ಏನೋ ನಡೆದು ಮಾತೇ ಬೇಡವಾದ ಮಗುವಿರಬಹುದು. ಸುಮ್ಮನೆ ನಿಂತರೆ ನಿಲ್ಲಲಿ. ಅಕ್ಕಪಕ್ಕದವರಿಗೆ ಅಡ್ಡಿಪಡಿಸಬಾರದು, ಅಷ್ಟೇ.

ಯಂತ್ರದ ಪರವಾಗಿ ಹೇಳಬಹುದಾದ ಒಂದು ಮಾತನ್ನು ಬಿಡಬಾರದು. ಧ್ವನಿಮುದ್ರಣವಿದ್ದರೆ ಯಾವ ಮಗುವಿನ ಮೇಲೂ ಒತ್ತಡವಿರುವುದಿಲ್ಲ, ಒತ್ತಾಯದ ಪ್ರಶ್ನೆಯೇ ಏಳುವುದಿಲ್ಲ ಎಂದು ಅಂಗಡಿಯವರೂ ವಾದಿಸಿದರು, ನಮ್ಮ ಮುಖ್ಯೋಪಾಧ್ಯಾಯಿನಿಯವರೂ ಮೊದಲಿಗೆ ಹಾಗೆಯೇ ಅಂದುಕೊಂಡಿದ್ದರು. ಒತ್ತಡ ಇಳಿದದ್ದು ನಿಜ. ಅದರ ಜೊತೆಗೆ ಮುಂದೆ ನಿಂತು ನಾಲ್ಕು ನೂರು ಕಣ್ಣುಗಳ ಎದುರು ಮಾತಾಡುವ ಅವಕಾಶವೂ ಮಕ್ಕಳ ಕೈತಪ್ಪಿತು. ಸಭಾಕಂಪನ ಬಿಡುವುದು ಅಲ್ಲಿಯೇ. ಹೇಳದಿರುವ ಮಗುವನ್ನು ಕಾಪಾಡಲೆಂದು ಹೇಳಬಯಸುವ ಮಗುವಿನ ಬಾಯಿ ಮುಚ್ಚಬೇಕಾಗಿಲ್ಲ.

ಡಿಸೆಂಬರಿನಿಂದ ನಾವು ಮಾಡಿಕೊಂಡಿರುವ ವ್ಯವಸ್ಥೆ ಹೀಗಿದೆ. ರಾಷ್ಟ್ರಗೀತೆಗೂ ರಾಜ್ಯಗೀತೆಗೂ ಯಂತ್ರ ನುಡಿಸುತ್ತದೆ, ಏಕೆಂದರೆ ಶ್ರುತಿ ಹಿಡಿಯಲು ಅದು ನೆರವಾಗುತ್ತದೆ. ಪ್ರತಿಜ್ಞೆಯನ್ನೂ ಪ್ರಸ್ತಾವನೆಯನ್ನೂ ತಾನಾಗಿ ಮುಂದೆ ಬಂದ ಮಗು ಹೇಳಿಸುತ್ತದೆ, ಯಾರೂ ಬಾರದ ದಿನ ಶಿಕ್ಷಕರೇ ಹೇಳಿಸುತ್ತಾರೆ. ದಿನಚರಿಯಲ್ಲಿ ಬರೆಯುವ ಸಲಹೆಯನ್ನು ಸಮಿತಿ ತಳ್ಳಿಹಾಕಿತು. ಹಿರಿಯ ಶಿಕ್ಷಕರಿಗೆ ಈ ಬಗ್ಗೆ ಇಂದಿಗೂ ಅಸಮಾಧಾನವಿದೆ.

ಕೊಳ್ಳುವವರಿಗೆ ನನ್ನ ಶಿಫಾರಸು: ಗಂಟೆಯ ಟೈಮರಿಗಾಗಿ ಮತ್ತು ಗೋಡೆಯ ಸ್ಪೀಕರುಗಳಿಗಾಗಿ ಧಾರಾಳವಾಗಿ ಕೊಳ್ಳಿ. ಪ್ರತಿಜ್ಞೆಯ ಧ್ವನಿಮುದ್ರಣಕ್ಕೆ ಪ್ರತ್ಯೇಕ ಹಣ ಕೇಳಿದರೆ ಕೊಡಬೇಡಿ, ಆ ಹಣದಲ್ಲಿ ಒಳ್ಳೆಯ ಮೈಕೊಂದನ್ನು ಸ್ಟ್ಯಾಂಡಿನ ಸಮೇತ ಕೇಳಿ ಪಡೆಯಿರಿ. ಸ್ಟ್ಯಾಂಡು ಒಂದನೆಯ ತರಗತಿಯ ಮಗುವಿನ ಎತ್ತರಕ್ಕೆ ಇಳಿಯುತ್ತದೆಯೇ ಎಂಬುದನ್ನು ಅಂಗಡಿಯಲ್ಲೇ ನೋಡಿಕೊಳ್ಳಿ. ನಮಗೆ ಕೊಟ್ಟದ್ದು ಇಳಿಯುತ್ತಿರಲಿಲ್ಲ, ಬದಲಾಯಿಸಿಕೊಡಲು ಮೂರು ವಾರ ಹಿಡಿಯಿತು.