ಪೈಕ್‌ಗೆಂದು ಮಾಡಿದ ಫ್ಲೈ ರಾಡ್, ತೀರ್ಥಹಳ್ಳಿಯ ಕೆರೆಯಲ್ಲಿ

ಯುರೋಪು, ಉತ್ತರ ಅಮೆರಿಕಗಳ ತಣ್ಣೀರಿನ ಬೇಟೆಗಾರ ಮೀನಾದ ಪೈಕ್‌ಗೆಂದು ಮಾರುವ 9 ಅಡಿಯ, 9ನೇ ತೂಕದ (ಅದು ಎಸೆಯುವ ದಾರದ ಭಾರದ ಅಂಕ) ಫ್ಲೈ ರಾಡ್ ಎಂಬ ಗಾಳದ ಕೋಲಿನ ಸೆಟ್ಟನ್ನು ನಾನು ಕೊಂಡದ್ದು ನಮ್ಮ ಕೊರವ ಮೀನಿಗಾಗಿ. ಫ್ಲೈ, ಅಂದರೆ ಕೊಕ್ಕೆಗೆ ಪುಕ್ಕ ಕಟ್ಟಿ ಮಾಡಿದ ಹುಸಿ ಎರೆ, ದೂರ ಸಾಗುವುದು ತನ್ನ ಭಾರದಿಂದಲ್ಲ, ದಾರದ ಭಾರದಿಂದ. ಆದ್ದರಿಂದ ನೀರು ಕುಡಿದು ತೂಗುವ ಗೇಣುದ್ದದ ಪುಕ್ಕದ ಫ್ಲೈಯನ್ನು ಟ್ರೌಟ್ ಮೀನಿಗೆ ಬಳಸುವ 5ನೇ ತೂಕದ ರಾಡ್ ಎಸೆಯಲಾರದು, ಇದು ಸಲೀಸಾಗಿ ಎಸೆಯುತ್ತದೆ. ಪೈಕ್‌ನ ಹಲ್ಲು ನೈಲಾನ್ ದಾರವನ್ನು ಕತ್ತರಿಸುವುದರಿಂದ ಸೆಟ್ಟಿನಲ್ಲಿ ತಂತಿಯ ತುಣುಕೂ ಇದೆ. ಕೊರವನಿಗೆ ನಾನು ದಪ್ಪ ನೈಲಾನನ್ನೇ ಕಟ್ಟಿದೆ, ಸಾಕಾಯಿತು. ಕೊಕ್ಕೆಗೆ ಕಳೆತಡೆ (ಗಿಡಗಳಿಗೆ ಸಿಕ್ಕಿಕೊಳ್ಳದಂತೆ ಕಾಯುವ ಅಡ್ಡತಡೆ) ಇರುವ ಫ್ಲೈಯನ್ನೇ ಆರಿಸಿಕೊಳ್ಳಿ, ಇಲ್ಲವಾದರೆ ತಾವರೆ ದಂಟಿನ ನಡುವೆ ಒಂದು ಎಸೆತವೂ ಉಳಿಯದು.

ಬಂಧುಗಳ ಅಡಿಕೆ ತೋಟದ ಕೆರೆಯಲ್ಲಿ, ಮಂಜು ಇನ್ನೂ ಕರಗದ ಮುಂಜಾವಿನಲ್ಲಿ, ಉಸಿರಾಡಲು ಮೇಲೆದ್ದ ಕೊರವನ ಗುಳ್ಳೆಗಳಾಚೆ ಫ್ಲೈ ಬಿದ್ದು ಎರಡು ಬಾರಿ ಮಿಡುಕಿತು. ಅದರ ಹಿಂದೆ ನೀರು ಉಬ್ಬಿ ಬಂದಾಗ ನನ್ನ ಉಸಿರೇ ನಿಂತಿತ್ತು. ಮರುಕ್ಷಣ ಎಲೆಗಳು ಸಿಡಿದು, ಎಡಗೈಯಲ್ಲಿ ಹಿಡಿದ ದಾರ ಬೆರಳುಗಳನ್ನು ಸುಟ್ಟುಕೊಂಡು ಓಡಿತು. ರಾಡ್ ಬುಡದವರೆಗೂ ಬಾಗಿತು, ಆದರೂ ಮೀನನ್ನು ದಂಟುಗಳೊಳಗೆ ನುಗ್ಗಗೊಡಲಿಲ್ಲ.

ಸೆಟ್ಟಿನ ರೀಲ್ (ದಾರ ಸುತ್ತುವ ರಾಟೆ) ಮಾತ್ರ ರಾಡಿಗೆ ತಕ್ಕುದಲ್ಲ; ಮೊದಲ ಮಳೆಗಾಲದಲ್ಲೇ ಅದರ ಬ್ರೇಕ್ ಕಚ್ಚತೊಡಗಿದೆ. ರಾಡ್ ಬಿಡಿಯಾಗಿ ಸಿಕ್ಕರೆ ಅದನ್ನಷ್ಟೇ ಕೊಳ್ಳಿ.