ಅಥಾಬಾಸ್ಕಾ ಹಿಮನದಿ: ಬಸ್ಸಿನಲ್ಲಿ ಹೋಗಬೇಕೋ, ನಡೆದೇ ಹೋಗಬೇಕೋ?

ಕೆನಡಾದ ಜಾಸ್ಪರ್‌ನಿಂದ ದಕ್ಷಿಣಕ್ಕೆ ಸುಮಾರು 100 ಕಿ.ಮೀ. ಬಂದರೆ 93ನೇ ಹೆದ್ದಾರಿಯಿಂದಲೇ ಅಥಾಬಾಸ್ಕಾ ಹಿಮನದಿ ಕಾಣುತ್ತದೆ. ಕ್ಯಾಲ್ಗರಿ, ಎಡ್ಮಂಟನ್ ಕಡೆಯ ಕನ್ನಡಿಗರು ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದೊಯ್ಯುವ ಜಾಗಗಳಲ್ಲಿ ಇದೂ ಒಂದು. ಐಸಿನ ಮೇಲೆ ಕಾಲಿಡಲು ಎರಡು ಸೇವೆಗಳಿವೆ: ಐಸ್ ಎಕ್ಸ್‌ಪ್ಲೋರರ್ ಎಂಬ ದೈತ್ಯ ಚಕ್ರದ ಬಸ್ಸು, ಇಲ್ಲವೇ ಗೈಡ್ ಜೊತೆ ನಡಿಗೆ. ಎರಡೂ ಅಗ್ಗವಲ್ಲ.

ಬಸ್ಸಿನದು ಸಲೀಸಾದ ವ್ಯವಸ್ಥೆ. ಹೆದ್ದಾರಿ ಪಕ್ಕದ ಡಿಸ್ಕವರಿ ಸೆಂಟರ್‌ನಿಂದ ಮಾಮೂಲಿ ಕೋಚ್‌ನಲ್ಲಿ ಮೇಲೆ ಒಯ್ದು, ಅಲ್ಲಿ ಆರು ಚಕ್ರದ, 56 ಸೀಟಿನ ಗಾಡಿಗೆ ಹತ್ತಿಸುತ್ತಾರೆ. ಶೇ. 32ರ ಇಳಿಜಾರಿನಲ್ಲಿ ಅದು ತೆವಳಿಕೊಂಡು ಇಳಿಯುತ್ತದೆ. ಆ ದಾರಿ ಇರುವುದು ಪಕ್ಕದ ಮೊರೇನ್ ಮೇಲೆ, ಅಂದರೆ ಹಿಮನದಿ ಅಂಚಿನಲ್ಲಿ ಪೇರಿಸಿಟ್ಟ ಕಲ್ಲುಮಣ್ಣಿನ ದಿಬ್ಬದ ಮೇಲೆ. ಕಲ್ಲಿನ ಹೊದಿಕೆ ಬಿಸಿಲು ತಡೆಯುವುದರಿಂದ ಈ ದಿಬ್ಬದ ಒಡಲಲ್ಲಿ ಇನ್ನೂ ಐಸಿದೆ. ಬಹುತೇಕರು ಇದನ್ನು ಬರೀ ಮಣ್ಣುಗುಡ್ಡ ಅಂದುಕೊಂಡೇ ದಾಟುತ್ತಾರೆ. 2020ರ ಜುಲೈನಲ್ಲಿ ಮೊರೇನ್ ಇಳಿಜಾರಿನಲ್ಲೇ ಒಂದು ಬಸ್ಸು ಉರುಳಿ ಮೂವರು ಸತ್ತರು. ಆಮೇಲೆ ಸೀಟ್‌ಬೆಲ್ಟ್ ಬಂದಿದೆ. ಫೋಟೋಗೆಂದು ಅದನ್ನು ಬಿಚ್ಚಿ ಏಳಬೇಡಿ.

ಐಸಿನ ಮೇಲೆ ಸಿಗುವುದು ಇಪ್ಪತ್ತು ಮೂವತ್ತು ನಿಮಿಷ, ಅದೂ ಗುರುತು ಹಾಕಿದ ಅಂಗಳದೊಳಗೆ. ಮಂಡಿ ನೋವಿನವರಿಗೆ, ಪುಟ್ಟ ಮಕ್ಕಳಿಗೆ ಇದೇ ಸರಿ. ಉಳಿದವರಿಗೆ ಕೊಟ್ಟ ದುಡ್ಡಿಗೆ ಕಡಿಮೆಯೇ. ಆದರೂ ಹೋದರೆ, ಸೆಲ್ಫಿ ಮುಗಿಸಿ ಮೇಲಕ್ಕೆ ನೋಡಿ: ಕೊಲಂಬಿಯಾ ಹಿಮಬಯಲಿನಿಂದ ಐಸು ಮೂರು ಮೆಟ್ಟಿಲಾಗಿ ಇಳಿದು ಬರುತ್ತದೆ. ತಳದ ಬಂಡೆ ಥಟ್ಟನೆ ಕಡಿದಾದ ಕಡೆ ಐಸು ಹಿಗ್ಗಬೇಕು. ಆಳದ ಐಸು ಮೇಲಿನ ಭಾರಕ್ಕೆ ನಿಧಾನವಾಗಿ ಹರಿಯಬಲ್ಲದು, ಮೇಲಿನ ಸುಮಾರು 30 ಮೀಟರ್ ಮಾತ್ರ ಪೆಡಸು, ಹಿಗ್ಗಲಾರದೆ ಸೀಳುತ್ತದೆ. ಬಿರುಕುಗಳು ಹುಟ್ಟುವುದು ಹೀಗೆ.

ಇದನ್ನು ಹತ್ತಿರದಿಂದ ತೋರಿಸುವುದು ಗೈಡ್ ನಡಿಗೆ. ಮೂರು ಗಂಟೆಯ ನಡಿಗೆಯೇ ಸಾಕಷ್ಟಾಯಿತು. ಮೇಲ್ಮೈಯಲ್ಲಿ ಕರಗಿದ ನೀರು ಸುಳಿಯುತ್ತಾ ಇಳಿಯುವ ನೇರ ಬಾವಿಗಳನ್ನು ಸುರಕ್ಷಿತ ದೂರದಿಂದ ತೋರಿಸುತ್ತಾರೆ. ಆ ನೀರು ತಳ ಮುಟ್ಟಿದಾಗ ಐಸು ಬಂಡೆಯ ಮೇಲೆ ಜಾರುವುದು ಸುಲಭವಾಗುತ್ತದೆ. ಶೂಗೆ ಕಟ್ಟುವ ಮುಳ್ಳುಗಳನ್ನು ಅವರೇ ಕೊಡುತ್ತಾರೆ. ಪಾದ ಪೂರ್ತಿ ಊರಿ, ಕಾಲು ಸ್ವಲ್ಪ ಅಗಲಿಸಿ ನಡೆಯಿರಿ. ಅಗಲ ಪಾದದ ಪ್ಯಾಂಟ್ ಬೇಡ, ಒಂದು ಕಾಲಿನ ಮುಳ್ಳು ಇನ್ನೊಂದು ಕಾಲಿನ ಬಟ್ಟೆಗೆ ಸಿಕ್ಕಿ ಮುಗ್ಗರಿಸುತ್ತೀರಿ. ಮಕ್ಕಳಿಗೆ ವಯಸ್ಸಿನ ಮಿತಿ ಇರುತ್ತದೆ, ಬುಕ್ ಮಾಡುವಾಗಲೇ ನೋಡಿಕೊಳ್ಳಿ.

ಯಾವ ಟಿಕೆಟ್ ತೆಗೆದರೂ ತಪ್ಪಿಸಬಾರದ್ದು ಹಿಮನದಿಯ ತುದಿಯತ್ತ ಹೋಗುವ ಕಾಲುದಾರಿ. ರಾಷ್ಟ್ರೀಯ ಉದ್ಯಾನದ ಪ್ರವೇಶ ಪಾಸ್ ಇದ್ದರೆ ಇದಕ್ಕೆ ಬೇರೆ ಶುಲ್ಕವಿಲ್ಲ. ಐಸು ಹಿಂದೊಮ್ಮೆ ಎಲ್ಲಿವರೆಗಿತ್ತು ಎಂದು ತೋರಿಸುವ ಇಸವಿ ಫಲಕಗಳು ಉದ್ದಕ್ಕೂ ಇವೆ. ಸುಮಾರು 125 ವರ್ಷಗಳಲ್ಲಿ 1.5 ಕಿ.ಮೀ.ಗಿಂತ ಹೆಚ್ಚು ಹಿಂದೆ ಸರಿದಿದೆ. ಕಾಲಡಿಯ ಸುಣ್ಣದ ಬಂಡೆಯಲ್ಲಿ ಉದ್ದುದ್ದ ಗೀರುಗಳು ಕಾಣುತ್ತವೆ. ಐಸಿನ ತಳಕ್ಕೆ ಹೆಪ್ಪುಗಟ್ಟಿಕೊಂಡ ಕಲ್ಲುಗಳು ಉಜ್ಜಿದ ಗುರುತು ಅದು, ಹರಿವಿನ ದಿಕ್ಕನ್ನೇ ತೋರಿಸುತ್ತದೆ. ಹಾಗೆ ಅರೆದ ಕಲ್ಲುಹಿಟ್ಟಿನಿಂದಲೇ ಕೆಳಗಿನ ಸನ್‌ವಾಪ್ಟಾ ಹೊಳೆ ಬೂದು ಬಣ್ಣ.

ಹಿಂದೆ ಸರಿಯುವುದೆಂದರೆ ಐಸು ಬೆಟ್ಟ ಹತ್ತಿ ವಾಪಸ್ ಹೋಗುತ್ತದೆ ಎಂದಲ್ಲ. ಇಂದಿಗೂ ಅದು ದಿನಕ್ಕೆ ಕೆಲವು ಸೆಂ.ಮೀ. ಕೆಳಗೇ ಹರಿಯುತ್ತಿದೆ. ಒಲೆಗೆ ಸೌದೆ ತಳ್ಳುತ್ತಲೇ ಇದ್ದರೂ, ತಳ್ಳುವುದಕ್ಕಿಂತ ಬೇಗ ಉರಿದರೆ ತುದಿ ಹಿಂದಾಗುತ್ತದಲ್ಲ, ಹಾಗೆ. ಮೇಲೆ ಬಿದ್ದ ಹಿಮ ಐಸಾಗಿ ಇಳಿದು ಬರುವ ವೇಗ ಕೆಳಗಿನ ಕರಗುವಿಕೆಗೆ ಸಾಲುತ್ತಿಲ್ಲ.

ದಾರಿ ಮುಗಿದಲ್ಲಿ ಹಗ್ಗ ಕಟ್ಟಿರುತ್ತಾರೆ. ದಾಟಬೇಡಿ, ಎಷ್ಟು ಜನ ದಾಟುತ್ತಿದ್ದರೂ. ಬಿರುಕಿನ ಬಾಯಿಗೆ ತೆಳು ಹಿಮ ಮುಚ್ಚಿಕೊಂಡಿರುತ್ತದೆ. ಒಳಗೆ ಬಿದ್ದವರು ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡು, ಮೇಲೆತ್ತುವ ಮುಂಚೆಯೇ ಚಳಿಗೆ ಸತ್ತ ಪ್ರಕರಣಗಳಿವೆ.

ಸ್ಕೈವಾಕ್ ಸೇರಿಸಿದ ಕಾಂಬೋ ಟಿಕೆಟ್ ತೋರಿಸಿ ಆಸೆ ಹುಟ್ಟಿಸುತ್ತಾರೆ. ಅದು 2014ರಲ್ಲಿ ತೆರೆದ, ಕಣಿವೆಯಿಂದ 280 ಮೀ. ಎತ್ತರದ ಗಾಜಿನ ಹಾದಿ. ನೋಟ ಚೆನ್ನ, ಆದರೆ ಹಿಮನದಿ ನೋಡಲು ಬಂದವರಿಗೆ ಬೇಕಿಲ್ಲ.

ಜುಲೈ ಬಿಸಿಲಲ್ಲೂ ಜಾಕೆಟ್, ಟೋಪಿ, ಗ್ಲೋವ್ಸ್ ಒಯ್ಯಿರಿ. ಐಸಿಗೆ ತಾಗಿ ತಣ್ಣಗಾದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ನುಗ್ಗುವುದರಿಂದ, ಕಾರ್ ಪಾರ್ಕಿಂಗ್‌ನಲ್ಲಿ ಹಿತವಾಗಿದ್ದ ಹವೆ ತುದಿಯ ಹತ್ತಿರ ಕೊರೆಯುತ್ತದೆ. ಐಸಿನ ಬೆಳಕಿಗೆ ತಂಪು ಕನ್ನಡಕವೂ ಬೇಕು. ಟೂರ್ ಬಸ್ಸುಗಳು ಮಧ್ಯಾಹ್ನ ತುಂಬುತ್ತವೆ, ಬೆಳಗಿನ ಮೊದಲ ಸರದಿ ಹಿಡಿಯಿರಿ. ಬಸ್ಸಿನಲ್ಲಿ ಶೌಚಾಲಯವಿಲ್ಲ, ಸೆಂಟರ್‌ನಲ್ಲೇ ಮುಗಿಸಿಕೊಳ್ಳಿ. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡು ಬಂದರೆ ವಾಸಿ. ಇಲ್ಲಿ ಪೆಟ್ರೋಲ್ ಸಿಗುವುದಿಲ್ಲ, ದಾರಿಯುದ್ದಕ್ಕೂ ಮೊಬೈಲ್ ಸಿಗ್ನಲ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಟ್ಯಾಂಕ್ ತುಂಬಿಸಿ, ಮ್ಯಾಪ್ ಡೌನ್‌ಲೋಡ್ ಮಾಡಿಕೊಂಡೇ ಹೊರಡಿ.