ಬಿಸಿನೆಸ್ ಕ್ಲಾಸ್ ಟಿಕೆಟ್ ತೆಗೆಯುವ ಮುಂಚೆ ಸಾಲಿಗೆ ಎಷ್ಟು ಸೀಟು ಅಂತ ಎಣಿಸಿ

ಅಮ್ಮನಿಗೆ ಎರಡೂ ಮಂಡಿ ಆಪರೇಷನ್ ಆಗಿ ಎಂಟು ತಿಂಗಳಾಗಿತ್ತು. ಷಿಕಾಗೋದಲ್ಲಿರುವ ತಂಗಿಯ ಬಾಣಂತನಕ್ಕೆ ಹೋಗಲೇಬೇಕು ಅಂತ ಹಠ ಹಿಡಿದರು. ಅಷ್ಟು ದೂರ ಕಾಲು ಮಡಚಿ ಕೂರಿಸುವುದು ಬೇಡ ಅಂತ, ಕೂಡಿಟ್ಟ ದುಡ್ಡಲ್ಲಿ ನಮ್ಮಿಬ್ಬರಿಗೂ ಬಿಸಿನೆಸ್ ಕ್ಲಾಸ್ ತೆಗೆದೆ. ಜಾಹೀರಾತಿನ ಫೋಟೋದಲ್ಲಿ ಪ್ರತಿ ಸೀಟಿನ ಪಕ್ಕದಲ್ಲೇ ಓಡಾಡುವ ದಾರಿ, ಹಾಸಿಗೆ ಥರ ಚಪ್ಪಟೆಯಾಗುವ ಸೀಟು.

ಬೆಂಗಳೂರಿನಿಂದ ಹೊರಟ ಮೊದಲ ವಿಮಾನ ಚೆನ್ನಾಗೇ ಇತ್ತು. ಎರಡನೆಯದು ಹದಿನಾಲ್ಕು ಗಂಟೆಯದು. ಹತ್ತಿದ ಕೂಡಲೇ ಎದೆ ಧಸಕ್ಕೆಂದಿತು. ಬುಕ್ ಮಾಡಿದ್ದ ವಿಮಾನದ ಬದಲು ಬೇರೆಯದು ಹಾಕಿದ್ದರು. ಸಾಲಿಗೆ ಏಳು ಸೀಟು, 2-3-2. ಅಂದರೆ ಎರಡು ಸೀಟು, ದಾರಿ, ಮೂರು ಸೀಟು, ದಾರಿ, ಮತ್ತೆ ಎರಡು ಸೀಟು. ಅಮ್ಮನಿಗೆ ಕಿಟಕಿ ಪಕ್ಕ, ನನಗೆ ಬೇರೆ ಸಾಲಿನಲ್ಲಿ ಮೂರರ ನಡುವಿನದು. ಅದಲುಬದಲು ಕೇಳಿದೆ, ಆಗಲಿಲ್ಲ.

ಸೀಟೇನೋ ನೇರವಾಗುತ್ತಿತ್ತು, ಆದರೆ ಇಳಿಜಾರಾಗಿ. ತಲೆ ಮೇಲೆ, ಕಾಲು ಕೆಳಗೆ. ಅಮ್ಮ ಮಲಗಿದ ಸ್ವಲ್ಪ ಹೊತ್ತಿಗೆ ಕೆಳಕ್ಕೆ ಜಾರುತ್ತಿದ್ದರು, ಭಾರವೆಲ್ಲ ಮಂಡಿ ಮೇಲೆ. ಪಕ್ಕದವರು ಸೀಟು ಚಾಚಿ ನಿದ್ದೆ ಹೋದರು. ಅವರ ಕಾಲು ದಾಟಲಾಗದೆ ಅಮ್ಮ ನೀರು ಕುಡಿಯುವುದನ್ನೇ ಬಿಟ್ಟರು. ಇದು ನನಗೆ ಗೊತ್ತಾಗಿದ್ದು ಇಳಿದ ಮೇಲೆ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ವಿಮಾನ ಕಂಪನಿಗೆ ದೂರು ಕೊಟ್ಟೆ. ಅದೇ ಕ್ಲಾಸಿನಲ್ಲಿ ಕೂರಿಸಿದ್ದೇವಲ್ಲ, ದುಡ್ಡು ವಾಪಸ್ ಇಲ್ಲ ಅಂದರು. ಕೆಳಗಿನ ಕ್ಲಾಸಿಗೆ ಇಳಿಸಿದರೆ ಟಿಕೆಟ್ ದುಡ್ಡಿನಲ್ಲಿ ಒಂದು ಪಾಲು ಹಿಂದಿರುಗಿಸಬೇಕು ಅಂತ ನಮ್ಮ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ 2023ರಲ್ಲಿ ನಿಯಮ ತಂದಿದೆ. ಕ್ಲಾಸ್ ಅದೇ ಇದ್ದು ಸೀಟು ಮಾತ್ರ ಹಳೆಯದಾದರೆ ಆ ನಿಯಮ ಕೈ ಹಿಡಿಯುವುದಿಲ್ಲ.

ಒಂದೇ ಕಂಪನಿಯ ವಿಮಾನಗಳೂ ಒಂದೇ ಥರ ಇರುವುದಿಲ್ಲ. ಬ್ರಿಟಿಷ್ ಏರ್‌ವೇಸ್ 2019ರಲ್ಲಿ ಕ್ಲಬ್ ಸೂಟ್ ಅನ್ನುವ ಬಾಗಿಲಿರುವ ಬಿಸಿನೆಸ್ ಸೀಟು ತಂದಿತು, ಅದು 1-2-1. ಅವರ ಬೋಯಿಂಗ್ 777 ವಿಮಾನಗಳಲ್ಲಿದ್ದ ಹಳೆಯ ಸೀಟು ಸಾಲಿಗೆ ಎಂಟು, ಕಿಟಕಿ ಕಡೆಯವರು ಪಕ್ಕದವರ ಕಾಲು ದಾಟಿಯೇ ಬರಬೇಕಿತ್ತು. ಟಿಕೆಟ್ ಮೇಲೆ ಎರಡೂ ಬಿಸಿನೆಸ್ ಕ್ಲಾಸೇ. ನಾವು ಹೋಗಿದ್ದು ಈ ಕಂಪನಿಯಲ್ಲಲ್ಲ, ಉದಾಹರಣೆಗೆ ಹೇಳಿದೆ ಅಷ್ಟೇ.

ಹಾಗಾಗಿ ಫೋಟೋ ನಂಬಬೇಡಿ. ದುಡ್ಡು ಕಟ್ಟುವ ಮುಂಚೆ ಸೀಟ್ ಮ್ಯಾಪ್, ಅಂದರೆ ಸೀಟುಗಳು ಎಲ್ಲೆಲ್ಲಿವೆ ಅಂತ ತೋರಿಸುವ ನಕ್ಷೆ, ತೆರೆದು ಅಡ್ಡಕ್ಕೆ ಎಣಿಸಿ. ಎರಡು ದಾರಿ ಇರುವ ದೊಡ್ಡ ವಿಮಾನದಲ್ಲಿ ನಾಲ್ಕಿದ್ದರೆ ಎಲ್ಲರಿಗೂ ದಾರಿ ಸಿಗುತ್ತದೆ. ಆರು, ಏಳು ಕಂಡರೆ ಫೋನ್ ಮಾಡಿ, ಸೀಟು ಪೂರ್ತಿ ಮಟ್ಟಸವಾಗುತ್ತದಾ, ಇಳಿಜಾರಾ ಅಂತ ಕೇಳಿ. ಬರೀ 'ಫ್ಲಾಟ್' ಅಂದರೆ ಸಾಲದು. 1-2-1ರಲ್ಲೂ ಕೆಲವು ಸೀಟುಗಳಲ್ಲಿ ಪಾದ ಇಡುವ ಗೂಡು ತೀರಾ ಇಕ್ಕಟ್ಟು. ಮಂಡಿ ನೋವಿರುವವರಿಗೆ ಮೊದಲ ಸಾಲು ಕೇಳಿ, ಅಲ್ಲಿ ಸಾಮಾನ್ಯವಾಗಿ ಜಾಗ ಜಾಸ್ತಿ. ಹೊರಡುವ ಎರಡು ದಿನ ಮುಂಚೆ ಮತ್ತೆ ಮ್ಯಾಪ್ ನೋಡಿ. ವಿಮಾನ ಬದಲಾಗಿದ್ದರೆ ನಿಮ್ಮ ಸೀಟ್ ನಂಬರೂ ಬದಲಾಗಿರಬಹುದು. ನಾನು ನೋಡಲಿಲ್ಲ.

ಅಮ್ಮ ಜನವರಿಯಲ್ಲಿ ವಾಪಸ್ ಬರುತ್ತಾರೆ. 1-2-1 ಇರುವ ವಿಮಾನದಲ್ಲಿ, ಮೊದಲ ಸಾಲಿನಲ್ಲೇ ಸೀಟು ಹಿಡಿದಿದ್ದೇನೆ. ವಾರಕ್ಕೊಮ್ಮೆ ಮ್ಯಾಪ್ ತೆರೆದು ನೋಡುತ್ತಿದ್ದೇನೆ.